ಬಿಯರ್ ಬಿಸಿಯಾಯ್ತಾ? ಚೆಲ್ಲುವ ಮೊದಲು ದಿನ ಎಣಿಸಿ

ಮನೆಯಲ್ಲೇ ಬಿಯರ್ ಮಾಡಲು ಯೀಸ್ಟ್ ಹಾಕಿ ಒಂದು ದಿನವಾಗಿದೆ. ಕೋಣೆಯಲ್ಲಿ 22 ಡಿಗ್ರಿ ಸೆಲ್ಸಿಯಸ್ ಇದ್ದರೂ ಪಾತ್ರೆಗೆ ಅಂಟಿಸಿದ ಥರ್ಮಾಮೀಟರ್ 26 ತೋರಿಸುತ್ತಿದೆ. ಅದು ಕೆಟ್ಟಿಲ್ಲ. ಸಕ್ಕರೆ ತಿನ್ನುವಾಗ ಯೀಸ್ಟ್ ತಾನೇ ಶಾಖ ಬಿಡುತ್ತದೆ. ಹುದುಗುವಿಕೆ ಜೋರಾಗಿದ್ದಾಗ ಬಿಯರ್ ಕೋಣೆಗಿಂತ 3ರಿಂದ 5 ಡಿಗ್ರಿ ಹೆಚ್ಚು ಬೆಚ್ಚಗಿರುವುದುಂಟು. ಗೋಡೆಯ ಥರ್ಮಾಮೀಟರ್ ಇದನ್ನು ಹೇಳುವುದಿಲ್ಲ.

ಮೊದಲು ದಿನ ಎಣಿಸಿ. ಯೀಸ್ಟ್ ಬೆಳೆಯುವ ಮೊದಲ ಎರಡು ಮೂರು ದಿನವೇ ರುಚಿ ಬಹುಪಾಲು ತೀರ್ಮಾನವಾಗುತ್ತದೆ. ಸಾಮಾನ್ಯ ಏಲ್ (ಬೆಚ್ಚಗೆ ಹುದುಗುವ ಬಿಯರ್) ಯೀಸ್ಟ್‌ಗೆ ಆಗ 18ರಿಂದ 22 ಡಿಗ್ರಿ ಹಿತ. ತೀರಾ ಬಿಸಿಯಾದರೆ ಬಾಳೆಹಣ್ಣಿನ ವಾಸನೆ, ಗಂಟಲು ಸುಡುವಂಥ ಖಾರ ಬರುತ್ತದೆ. ಐದಾರು ದಿನ ಕಳೆದ ಮೇಲೆ ಬಿಸಿಯಾಯ್ತೇ? ಸುಮ್ನೆ ಬಿಡಿ, ಅಷ್ಟೇನೂ ಹಾನಿಯಿಲ್ಲ.

ಮೊದಲ ದಿನಗಳಲ್ಲೇ ಏರಿದ್ದರೆ ಪಾತ್ರೆಯನ್ನು ನೀರಿನ ಟಬ್‌ನಲ್ಲಿ ಇಡಿ. ಒದ್ದೆ ಬಟ್ಟೆ ಸುತ್ತಿ, ಫ್ಯಾನ್ ಹಾಕಿ. ಸಾಲದಿದ್ದರೆ ನೀರು ತುಂಬಿ ಹೆಪ್ಪುಗಟ್ಟಿಸಿದ ಒಂದೆರಡು ಬಾಟಲಿ ಟಬ್‌ಗೆ ಹಾಕಿ. ಆದರೆ ಅವಸರ ಬೇಡ, ದಿನಕ್ಕೆ ಎರಡು ಮೂರು ಡಿಗ್ರಿ ಇಳಿದರೆ ಸಾಕು. ಒಮ್ಮೆ ನಾನು ಗಾಬರಿಯಲ್ಲಿ ಮಂಜುಗಡ್ಡೆ ಸುರಿದೆ. ಒಳಗಿನ ಗಾಳಿ ಕುಗ್ಗಿ, ಮುಚ್ಚಳದ ಮೇಲೆ ಅನಿಲವನ್ನು ಗುಳ್ಳೆಯಾಗಿ ಹೊರಬಿಡುವ ಏರ್‌ಲಾಕ್‌ನ ನೀರೆಲ್ಲ ಬಿಯರ್‌ಗೆ ಇಳಿಯಿತು, ಯೀಸ್ಟ್ ಬೇರೆ ತಳ ಸೇರಿ ಮಲಗಿತು!

ಹೀಗೆ ಚಳಿಗೆ ನಿಂತುಹೋದ ಬಿಯರನ್ನು ಮತ್ತೆ ಎಬ್ಬಿಸುವುದು ಸುಲಭ. 20 ಡಿಗ್ರಿ ಇರುವ ಜಾಗಕ್ಕೆ ತನ್ನಿ. ಮುಚ್ಚಳ ತೆಗೆಯದೆ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ, ತಳದ ಯೀಸ್ಟ್ ಮೇಲೇಳಲಿ. ಎರಡು ದಿನ ಕಾಯಿರಿ. ಅಷ್ಟಾದರೂ ಅಲುಗದಿದ್ದರೆ ಹೊಸ ಯೀಸ್ಟ್ ಹಾಕಿ. ವರ್ಟ್ (ಹುದುಗುವ ಮುಂಚಿನ ಸಿಹಿ ದ್ರವ) 40 ಡಿಗ್ರಿ ದಾಟಿದ್ದಾಗಲೇ ಯೀಸ್ಟ್ ಸುರಿದಿದ್ದರೂ ಇದೇ ದಾರಿ, ಹಳೆಯದು ಸತ್ತಿರಬಹುದು. ವರ್ಟ್ ತಣಿದ ಮೇಲೆ ಹಾಕಿ, ಅಷ್ಟೇ.

ಬೆಣ್ಣೆಯ ವಾಸನೆ ಬಂದರೆ ಅದು ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ವಸ್ತು. 8ರಿಂದ 13 ಡಿಗ್ರಿಯಲ್ಲಿ ಹುದುಗುವ ಬಿಯರ್ ಬಗೆಯಾದ ಲಾಗರ್‌ನಲ್ಲಿ ಇದರ ಕಾಟ ಹೆಚ್ಚು. ಹುದುಗುವಿಕೆ ಮುಗಿಯುತ್ತಾ ಬಂದಾಗ 18 ಡಿಗ್ರಿಗೆ ಏರಿಸಿ, ಎರಡು ಮೂರು ದಿನ ಬಿಡಿ. ಯೀಸ್ಟೇ ಅದನ್ನು ತಿಂದು ಹಾಕುತ್ತದೆ. ಗಂಟಲು ಸುಡುವ ಖಾರಕ್ಕೆ ಮಾತ್ರ ಇಂಥ ಮದ್ದಿಲ್ಲ. ಕೆಲವು ತಿಂಗಳು ಇಟ್ಟರೆ ತುಸು ಮೆತ್ತಗಾದೀತು.

ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬಬೇಡಿ, ಚಳಿಗೂ ಗುಳ್ಳೆ ನಿಲ್ಲುತ್ತದೆ ಅಲ್ವಾ? ಸಾಂದ್ರತೆ ಅಳೆದು ಸಕ್ಕರೆ ಎಷ್ಟು ಉಳಿದಿದೆ ಎಂದು ಹೇಳುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಲಿ, ಅದೂ ನೀವು ನಿರೀಕ್ಷಿಸಿದ ಕೊನೆಯ ಅಂಕಿಯ ಹತ್ತಿರ. ಮಲಗಿದ ಯೀಸ್ಟ್ ಬಾಟಲಿಯೊಳಗೆ ಎದ್ದರೆ ಗಾಜು ಸಿಡಿಯುತ್ತದೆ.