ಕರಕಲು ರೊಟ್ಟಿ ಮತ್ತು ನಲವತ್ತೆಂಟು ಚೌಕ

ನಮ್ಮ ಚರ್ಚಿನ ಸಭೆ ಮಕ್ಕಳಿಗೆ ರಜೆಯಲ್ಲಿ ನಡೆಸುವ ಬೈಬಲ್ ಶಾಲೆ ವಿ.ಬಿ.ಎಸ್.ನಲ್ಲಿ ಕ್ರಾಫ್ಟ್ ಎಂದರೆ ಐಸ್‌ಕ್ರೀಂ ಕಡ್ಡಿಯ ಶಿಲುಬೆ. ನಲವತ್ತು ಚಿಲ್ಲರೆ ಮಕ್ಕಳು ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಕೊನೆಯ ದಿನ ಅದರಲ್ಲಿ ಅರ್ಧ ಬೆಂಚಿನಡಿ ಬಿದ್ದಿರುತ್ತದೆ. ಗುಡಿಸುವವಳು ನಾನೇ. ಈ ಸಲ ಗುಡಿಸಲು ಮನಸ್ಸಿಲ್ಲದೆ, ಎಲ್ಲರೂ ಸೇರಿ ಒಂದೇ ಚಿತ್ರ ಮಾಡೋಣ ಅಂದೆ.

ಪಾಠ ಬೈಬಲಿನ ಯೋಹಾನನ ಸುವಾರ್ತೆಯ 6ನೇ ಅಧ್ಯಾಯದ್ದು, ಒಬ್ಬ ಹುಡುಗನ ಬುತ್ತಿಯ ಐದು ರೊಟ್ಟಿ ಎರಡು ಮೀನಿನಿಂದ ಯೇಸು ದೊಡ್ಡ ಗುಂಪಿಗೆ ಉಣಿಸಿದ ಕಥೆ. ಐದು ಸಾವಿರ ಗಂಡಸರು ಉಂಡ ಈ ಪ್ರಸಂಗ ನಾಲ್ಕೂ ಸುವಾರ್ತೆಗಳಲ್ಲಿದೆ, ಆದರೆ ಬುತ್ತಿ ಕೊಟ್ಟ ಹುಡುಗ ಕಾಣಿಸುವುದು ಯೋಹಾನನಲ್ಲಿ ಮಾತ್ರ. ಮಾರ್ಕನಲ್ಲಿ ಇನ್ನೊಂದು ವಿವರವಿದೆ: ಜನರನ್ನು ಹಸಿರು ಹುಲ್ಲಿನ ಮೇಲೆ ನೂರು ನೂರು, ಐವತ್ತು ಐವತ್ತು ಮಂದಿಯಾಗಿ ಪಂಕ್ತಿ ಪಂಕ್ತಿ ಕೂರಿಸಿದರು ಎಂದು. ಚೌಕ ಚೌಕವಾಗಿ ಚಿತ್ರ ಮಾಡುವ ಯೋಚನೆ ಬಂದದ್ದು ಆ ಪಂಕ್ತಿಯಿಂದಲೇ.

ಲೆಕ್ಕ ಹೇಳುತ್ತೇನೆ, ಮಾಡಿ ನೋಡುವವರಿಗೆ ಬೇಕಾಗುತ್ತದೆ. ಮೊದಲು 24 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರದ ಚಿತ್ರ ಬರೆದು, 3 ಸೆಂ.ಮೀ.ಗೆ ಒಂದರಂತೆ ಗೆರೆ ಎಳೆದೆ. ಉದ್ದಕ್ಕೆ ಎಂಟು, ಎತ್ತರಕ್ಕೆ ಆರು, ಒಟ್ಟು 48 ಚೌಕ. ಪ್ರತಿ ಚೌಕವನ್ನೂ 20 ಸೆಂ.ಮೀ.ಗೆ ಹಿಗ್ಗಿಸಿ ಡ್ರಾಯಿಂಗ್ ಶೀಟಿನ ಮೇಲೆ ಪೆನ್ಸಿಲಿನಲ್ಲಿ ಇಳಿಸಿದೆ. 22×30 ಇಂಚಿನ ಒಂದು ಶೀಟಿನಲ್ಲಿ ಅಂಥ ಆರು ಚೌಕ ಬರುತ್ತವೆ, ಎಂಟು ಶೀಟಿಗೆ ಕೆಲಸ ಮುಗಿಯಿತು. ಸಾಲುಗಳಿಗೆ ಅ, ಆ, ಇ, ಈ, ಉ, ಊ ಎಂದು ಹೆಸರು, ಕಂಬಗಳಿಗೆ ಒಂದರಿಂದ ಎಂಟು. ಹಿಂಬದಿಯಲ್ಲಿ ನಂಬರಿನ ಜೊತೆಗೆ ಮೇಲ್ಮುಖದ ಬಾಣ ಹಾಕಲೇಬೇಕು. ನಾನು ಮೊದಲು ಹಾಕಿರಲಿಲ್ಲ, ಆದ್ದರಿಂದ ನಮ್ಮ ಒಂದು ದೋಣಿ ಮಗುಚಿಕೊಂಡೇ ತಯಾರಾಯಿತು.

ಬಣ್ಣ ಬಳಿಯಲಿಲ್ಲ, ಕಾಗದ ಹರಿದು ಅಂಟಿಸಿದೆವು. ಕತ್ತರಿ ಕೊಡಲಿಲ್ಲ. ಕತ್ತರಿ ಕೊಟ್ಟರೆ ದೊಡ್ಡವರದು ಚಂದ, ಚಿಕ್ಕವರದು ಅಂಕುಡೊಂಕು ಆಗುತ್ತದೆ. ಕೈಯಲ್ಲಿ ಹರಿದರೆ ಎಲ್ಲರದೂ ಒಂದೇ ಥರ ಅಂಕುಡೊಂಕು. ಹಳೇ ಪತ್ರಿಕೆಯ ಜಾಹೀರಾತಿನಿಂದ ಆಕಾಶ, ಪುಸ್ತಕಕ್ಕೆ ಹಾಕುವ ಖಾಕಿ ಬೈಂಡಿನಿಂದ ರೊಟ್ಟಿ, ಬಿಸ್ಕತ್ ಪೊಟ್ಟಣದ ಒಳಮೈಯಿಂದ ಮೀನು, ಮದುವೆ ಕರೆಯೋಲೆಗಳಿಂದ ಜನರ ಬಟ್ಟೆ. ಬಣ್ಣಕ್ಕೊಂದು ಬೇಸಿನ್ ಇಟ್ಟು ವಿಂಗಡಿಸಲು ಒಂದು ಇಡೀ ಬೆಳಗ್ಗೆ ಹಿಡಿಯಿತು. ಮಕ್ಕಳಿಗೆ ಅದೇ ಹೆಚ್ಚು ಖುಷಿ ಕೊಟ್ಟಿತೆಂದು ಕಾಣುತ್ತದೆ.

ಅಂಟಿನ ವಿಷಯದಲ್ಲಿ ಉಳಿತಾಯಕ್ಕೆ ಹೋಗಿ ಪೆಟ್ಟು ತಿಂದೆ. ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು ಹಾಕಿ ಕುದಿಸಿದೆವು. ಅಂಟೇನೋ ಚೆನ್ನಾಗಿಯೇ ಹಿಡಿಯಿತು. ಬೆಳಗಾದರೆ ಚಿತ್ರದ ಗಲಿಲಾಯ ಸಮುದ್ರದ ಮೇಲೆ ಇರುವೆಯ ಸಾಲು. ಐದು ಸಾವಿರ ಜನಕ್ಕೆ ಇನ್ನೂರು ದಿನಾರಿ ನಾಣ್ಯದ ರೊಟ್ಟಿಯೂ ಸಾಲದು ಎಂದು ಲೆಕ್ಕ ಹಾಕಿದ ಯೇಸುವಿನ ಶಿಷ್ಯ ಫಿಲಿಪ್ಪನ ಜಾತಿಯವಳು ನಾನು. ಕೊನೆಗೆ ಫೆವಿಕಾಲ್ ತಂದು ನೀರು ಬೆರೆಸಿದೆ.

ಚೌಕ ಹಂಚುವಾಗಲೂ ಎಡವಿದೆ. ಚಿಕ್ಕವರಿಗೆ ಸುಲಭವಾಗಲಿ ಎಂದು ಆಕಾಶ ಕೊಟ್ಟರೆ ಹತ್ತು ನಿಮಿಷದಲ್ಲಿ ಬೇಸರ ಬಂದು ಓಡಾಡತೊಡಗಿದರು. ಬರೀ ನೀಲಿಯಲ್ಲಿ ಏನಿದೆ ಪಾಪ. ಎಲ್ಲ ವಾಪಸ್ ತೆಗೆದುಕೊಂಡು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿದೆ. ಮಕ್ಕಳು ನಲವತ್ತನಾಲ್ಕು, ಉಳಿದ ನಾಲ್ಕು ಚೌಕ ಅಡುಗೆಗೆ ಬಂದ ಹೆಂಗಸರ ಪಾಲಾಯಿತು. ನಾಚಿಕೊಂಡೇ ಶುರುಮಾಡಿದವರು ಹುಲ್ಲು ಎಷ್ಟು ದಟ್ಟವಾಗಿ ಅಂಟಿಸಿದರೆಂದರೆ ಪಕ್ಕದ ಮಕ್ಕಳೆಲ್ಲ ಅವರದನ್ನೇ ನೋಡಿ ಮಾಡಿದರು.

ಒಂದು ಮೀನಿನ ತಲೆ ಈ3ರಲ್ಲಿ, ಬಾಲ ಈ4ರಲ್ಲಿ ಇತ್ತು. ತಲೆ ಅಣ್ಣನಿಗೆ ಸಿಕ್ಕಿತು, ಬಾಲ ತಂಗಿಗೆ. ಮನೆಯಲ್ಲಿ ಮಾತು ಬಿಟ್ಟು ಬಂದಿದ್ದ ಇಬ್ಬರೂ ಚರ್ಚ್ ಹಾಲ್‌ನ ಎರಡು ಮೂಲೆಯಲ್ಲಿ ಕೂತು ಮಾಡಿದ ಬಂಗುಡೆಗೆ ತಲೆ ಬೆಳ್ಳಿಯದು, ಬಾಲ ಕಪ್ಪು ಬಿಳುಪು ಪೇಪರಿನದು. (ಗಲಿಲಾಯದಲ್ಲಿ ಬಂಗುಡೆ ಎಲ್ಲಿಂದ ಬರಬೇಕು? ಹೆಸರಿಗೆ ಸಮುದ್ರವಾದರೂ ಅದು ಸಿಹಿನೀರಿನ ಸರೋವರ. ಆದರೆ ಉಡುಪಿ ಕಡೆಯ ಮಕ್ಕಳಿಗೆ ಬೇರೆ ಮೀನು ಬರೆಯಲು ಹೇಳುವುದು ಯಾರು!) ಅಂದಿನಿಂದ ನಿಯಮ ಮಾಡಿದೆ: ಅಂಟಿಸುವ ಮೊದಲು ನಾಲ್ಕು ದಿಕ್ಕಿನ ನೆರೆಮನೆಯವರ ಜೊತೆ ಕೂತು ಅಂಚಿನ ಬಣ್ಣ ಮಾತಾಡಿಕೊಳ್ಳಬೇಕು. ಗಲಾಟೆ ಹೆಚ್ಚಾಯಿತು, ಗೆರೆಗಳು ಕೂಡಿದವು.

ಮೂರನೆಯ ದಿನ ಉ5 ಮುಗಿಯಿತು. ಬುಟ್ಟಿಯನ್ನು ಬೇಕೆಂದೇ ದೊಡ್ಡದಾಗಿ ಬರೆದಿದ್ದರಿಂದ ಒಂದೊಂದು ರೊಟ್ಟಿಗೆ ಒಂದೊಂದು ಚೌಕ ಬಂದಿತ್ತು. ಉ5 ಬಂದದ್ದು ಆರು ವರ್ಷದ ಒಬ್ಬ ಹುಡುಗನಿಗೆ. ಖಾಕಿಯ ಬೇಸಿನ್ ಕಡೆ ಅವನು ತಿರುಗಿಯೂ ನೋಡಲಿಲ್ಲ. ಕಪ್ಪು ಚೂರುಗಳನ್ನೇ ಆಯ್ದು ಒತ್ತೊತ್ತಾಗಿ ಅಂಟಿಸಿ, ಅಂಚಿಗೆ ಮಾತ್ರ ಸ್ವಲ್ಪ ಕಂದು ಹಾಕಿದ್ದ. ನಾಲ್ಕು ರೊಟ್ಟಿಯ ನಡುವೆ ಟಾರಿನ ಮುದ್ದೆ ಇಟ್ಟಂತೆ ಕಾಣುತ್ತಿತ್ತು. ಭಾನುವಾರ ಇಡೀ ಸಭೆ ನೋಡುವ ಚಿತ್ರ. ಆ ರಾತ್ರಿ ನಾನೊಬ್ಬಳೇ ಹಾಲಿನಲ್ಲಿ ಕೂತು ಆ ಕಪ್ಪಿನ ಮೇಲೆ ಖಾಕಿ ಅಂಟಿಸಿದೆ. ಚೆನ್ನಾಗಿಯೇ ಮಾಡಿದೆ, ನೆರಳು ಬೆಳಕೆಲ್ಲ ಕೊಟ್ಟು.

ಬೆಳಿಗ್ಗೆ ಹುಡುಗ ಬಂದು ಸಾಲಾಗಿ ಹರಡಿದ್ದ ಚೌಕಗಳಲ್ಲಿ ತನ್ನದನ್ನು ಹುಡುಕಿದ. ಎತ್ತಿಕೊಂಡ. ಹಿಂದೆ ತಿರುಗಿಸಿ ನಂಬರ್ ನೋಡಿದ, ಮತ್ತೆ ಮುಂದೆ ತಿರುಗಿಸಿದ. "ಉಂದು ಎನ್ನ ಅತ್ತ್" ಅಂದ, ತುಳುವಿನಲ್ಲಿ. ಇದು ನನ್ನದಲ್ಲ. ಅಳಲಿಲ್ಲ. ಕಳೆದುಹೋದ ಚಪ್ಪಲಿ ಹುಡುಕುವವನಂತೆ ಉಳಿದ ಚೌಕಗಳ ನಡುವೆ ತನ್ನದನ್ನು ಹುಡುಕತೊಡಗಿದ. ನಿನ್ನ ರೊಟ್ಟಿ ಯಾಕೆ ಕಪ್ಪಿತ್ತು ಎಂದು ಕೇಳಿದೆ. ಹಿಂದಿನ ದಿನವೇ ಕೇಳಬೇಕಾಗಿದ್ದ ಪ್ರಶ್ನೆ. ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋಗುವ ಗಡಿಬಿಡಿಯಲ್ಲಿ ಸುಡುವ ರೊಟ್ಟಿ ಹಾಗೇ ಇರುತ್ತದೆ, ಬುತ್ತಿಯಲ್ಲಿ ಬರುವುದು ಅದೇ ಅಂದ. ಕಥೆಯ ಹುಡುಗನ ಬುತ್ತಿಯನ್ನೂ ಅವನ ಅಮ್ಮನೇ ಕಟ್ಟಿರಬೇಕಲ್ಲ ಎಂಬುದು ಅವನ ಲೆಕ್ಕ.

ಅದು ಜವೆಗೋದಿಯ ರೊಟ್ಟಿ, ಬಡವರ ಊಟ ಎಂದು ಅದೇ ವಾರ ನಾನೇ ಪಾಠ ಮಾಡಿದ್ದೆ. ಇಷ್ಟು ಜನಕ್ಕೆ ಇದೆಷ್ಟರದು ಎಂದ ಇನ್ನೊಬ್ಬ ಶಿಷ್ಯ ಅಂದ್ರೆಯನ ಮಾತನ್ನು ಮಕ್ಕಳಿಂದ ಆಡಿಸಿ ನಗಿಸಿದ್ದೆ.

ಒದ್ದೆ ಬಟ್ಟೆ ಹಿಡಿದು ಖಾಕಿಯನ್ನು ಬಿಡಿಸಲು ನೋಡಿದೆ. ಅಡಿಯ ಕಪ್ಪೂ ಎದ್ದುಬಂತು, ಶೀಟು ಹರಿಯಿತು. ತಪ್ಪಾಯಿತು, ನಿನ್ನನ್ನು ಕೇಳದೆ ಮುಟ್ಟಿದೆ ಎಂದು ಹೇಳಿ ಹೊಸ ಚೌಕ ಕೊಟ್ಟೆ. ಈ ಸಲ ಅವನು ನನಗೆ ಬೆನ್ನು ಹಾಕಿ ಕೂತ. ಇನ್ನಷ್ಟು ಕಪ್ಪಾಯಿತು ರೊಟ್ಟಿ.

ಕೊನೆಯ ದಿನ ಮಕ್ಕಳಿಗೆ ತಾಬ್ಘಾದ ನೆಲಚಿತ್ರದ ಫೋಟೋ ತೋರಿಸಿದೆ. ಗಲಿಲಾಯದ ದಡದ ಆ ದೇವಾಲಯದಲ್ಲಿ 5ನೇ ಶತಮಾನದ ಮೊಸಾಯಿಕ್ ಇದೆ: ನಡುವೆ ರೊಟ್ಟಿ ಬುಟ್ಟಿ, ಎರಡೂ ಬದಿಗೆ ಒಂದೊಂದು ಮೀನು. ಚಿಕ್ಕ ಚಿಕ್ಕ ಕಲ್ಲು ಜೋಡಿಸಿದ್ದು, ನಮ್ಮ ಕಾಗದದ ಹಾಗೇ. ಬುಟ್ಟಿಯಲ್ಲಿ ಕಾಣುವುದು ನಾಲ್ಕೇ ರೊಟ್ಟಿ. ಐದನೆಯದು ಬಲಿಪೀಠದ ಮೇಲಿರುವ ರೊಟ್ಟಿ ಎಂದು ವಿವರಿಸುವುದುಂಟು. ನಾನು ಅಷ್ಟು ಹೇಳುವ ಮೊದಲೇ ಹಿಂದಿನಿಂದ ಒಬ್ಬಳು ಕೂಗಿದಳು, "ಕರಕಲಾದ್ದನ್ನು ತೆಗೆದುಬಿಟ್ಟಿದ್ದಾರೆ ಟೀಚರ್."

ಭಾನುವಾರ ಆರಾಧನೆ ಮುಗಿದ ಮೇಲೆ ಚಿತ್ರವನ್ನು ಥರ್ಮೋಕೋಲಿಗೆ ಹಚ್ಚಿ ಹಾಲಿನ ಗೋಡೆಗೆ ನಿಲ್ಲಿಸಿದೆವು. ಮಗುಚಿದ ದೋಣಿಯನ್ನೂ ಸರಿಮಾಡಲಿಲ್ಲ. ಕಪ್ಪು ರೊಟ್ಟಿಯ ಬಗ್ಗೆ ಕೇಳಿದವರು ಹಲವರು. ಅವನನ್ನೇ ಕೇಳಿ ಎಂದು ಕಳಿಸಿದೆ.

ಜೂನಿನ ಮಳೆಗೆ ಹೆಂಚಿನ ಹಾಲಿನಲ್ಲಿ ಕಾಗದ ಉಳಿಯುತ್ತದೆಯೇ? ಆಗಸ್ಟಿನ ಹೊತ್ತಿಗೆ ಅಂಚುಗಳು ಸುರುಳಿ ಸುತ್ತಿದವು, ಆಕಾಶಕ್ಕೆ ಬೂಷ್ಟು ಹಿಡಿಯಿತು. ಬಿಚ್ಚಿ ಅವರವರ ಚೌಕವನ್ನು ಅವರವರಿಗೆ ಕೊಟ್ಟೆ. ಕೆಲವರು ತೆಗೆದುಕೊಳ್ಳದೆ ಹೋದರು. ಅವನು ಉ5 ಅನ್ನು ಹಿಂದೆ ತಿರುಗಿಸಿ ನಂಬರ್ ನೋಡಿಕೊಂಡ, ನಾಲ್ಕು ಮಡಿಕೆ ಮಡಚಿದ. ಒಣಗಿದ ಅಂಟು ಚಟಚಟ ಅಂದಿತು. ಚಡ್ಡಿಯ ಜೇಬಿಗೆ ತುರುಕಿಕೊಂಡು ಮಳೆಯಲ್ಲೇ ಓಡಿದ. ಬೇರೆ ದಿನವಾಗಿದ್ದರೆ ಕರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಿದ್ದೆ.