ನೈಟ್ರೇಟ್ ಹೆಚ್ಚಾಗಿ ನಿಲ್ಲಿಸಿದ ಕೊಳವೆಬಾವಿಯನ್ನು ಮತ್ತೆ ಪೂರೈಕೆಗೆ ತರುವುದು

ಮೊದಲು ಹಳೆಯ ಲ್ಯಾಬ್ ವರದಿ ತೆಗೆದು, ಅಂಕಿ ಯಾವ ಲೆಕ್ಕದಲ್ಲಿದೆ ನೋಡಿ. ಕೆಲವು ಲ್ಯಾಬ್‌ಗಳು ನೈಟ್ರೇಟನ್ನೇ ಬರೆಯುತ್ತವೆ, ಕೆಲವು ಅದರಲ್ಲಿರುವ ನೈಟ್ರೋಜನ್ನನ್ನಷ್ಟೇ ಬರೆಯುತ್ತವೆ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು. ಭಾರತದ ಐಎಸ್ 10500 ಮಾನಕದ ಮಿತಿ ಲೀಟರಿಗೆ 45 ಮಿ.ಗ್ರಾಂ. ನೈಟ್ರೇಟ್, ವಿಶ್ವ ಆರೋಗ್ಯ ಸಂಸ್ಥೆಯದು 50. ಅಮೆರಿಕದ ಮಿತಿ 10 ಎಂದರೆ ಅದು ನೈಟ್ರೋಜನ್ ಲೆಕ್ಕ. ವರದಿಯಲ್ಲಿ 14 ಕಂಡು ನಿಶ್ಚಿಂತೆಯಾದರೆ, ನಲ್ಲಿಯಲ್ಲಿ ಬರುತ್ತಿರುವುದು 62 ಆಗಿರಬಹುದು. ಇಲ್ಲಿಂದ ಮುಂದೆ ಎಲ್ಲ ಅಂಕಿಯೂ ನೈಟ್ರೇಟ್ ಲೆಕ್ಕದಲ್ಲೇ.

ಶುದ್ಧೀಕರಣ ಘಟಕ ಕೊಳ್ಳುವ ಮಾತು ಆಮೇಲೆ. ನೈಟ್ರೇಟ್ ಬಾವಿಯೊಳಗೆ ಯಾವ ಆಳದಲ್ಲಿ ನುಗ್ಗುತ್ತಿದೆ ಎಂಬುದು ಮೊದಲು ತಿಳಿಯಬೇಕು. ಗೊಬ್ಬರ, ಶೌಚಗುಂಡಿ, ಕೊಟ್ಟಿಗೆಯ ನೀರು ಎಲ್ಲವೂ ಮೇಲಿನಿಂದ ಇಳಿಯುವುದರಿಂದ ಸಾಮಾನ್ಯವಾಗಿ ಮೇಲಿನ ಪದರದಲ್ಲೇ ಹೆಚ್ಚು. ಆದರೆ ತಿಂಗಳುಗಟ್ಟಲೆ ನಿಂತ ಬಾವಿಯಲ್ಲಿ ಮೇಲಿನ ನೀರು ಕೊಳವೆಯೊಳಗೇ ಇಳಿದು ಕೆಳಗಿನ ಬಿರುಕುಗಳನ್ನೂ ಸೇರಿರುತ್ತದೆ. ಅಂಥ ಬಾವಿಗೆ ಬಾಟಲಿ ಇಳಿಸಿ ಮೊಗೆದ ಮಾದರಿಯನ್ನು ನಂಬಬೇಡಿ.

ಪಂಪ್ ಚಾಲೂ ಮಾಡಿ, ನೀರನ್ನು ಪೂರೈಕೆ ಜಾಲಕ್ಕೆ ಬಿಡದೆ ಹೊರಗೆ ಹರಿಸಿ, 10 ನಿಮಿಷ, 1 ಗಂಟೆ, 4 ಗಂಟೆ, 24 ಗಂಟೆಗೆ ಮಾದರಿ ತೆಗೆಯಿರಿ. ಮೊದಲು ಹೆಚ್ಚಿದ್ದು ಬರಬರುತ್ತಾ ಇಳಿದರೆ ಕೇಸಿಂಗ್ (ಬಾವಿಯ ಗೋಡೆಗೆ ಹಾಕಿದ ಕೊಳವೆ) ಪಕ್ಕದಿಂದಲೋ ಮೇಲಿನ ಕೀಲಿನಿಂದಲೋ ಸೋರಿಕೆ ಇರಬಹುದು. ಹೊತ್ತು ಕಳೆದಂತೆ ಏರಿದರೆ, ನೀರಿನ ಮಟ್ಟ ಕುಸಿದಂತೆಲ್ಲ ಪಂಪು ಮೇಲಿನ ಪದರವನ್ನು ಎಳೆದುಕೊಳ್ಳುತ್ತಿದೆ; ಹರಿವು ತಗ್ಗಿಸಿ ಮತ್ತೆ ಅಳೆಯಿರಿ. ಏರದೆ ಇಳಿಯದೆ ನಿಂತರೆ ಜಲಪದರವೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ಕ್ಯಾಮೆರಾ ಇಳಿಸಿ ನೋಡಿ. ಪ್ಯಾಕರ್ (ಬಾವಿಯೊಳಗೆ ಒಂದು ಆಳವನ್ನು ಬಿಗಿಯಾಗಿ ಬೇರ್ಪಡಿಸುವ ಬಿರಡೆ) ಸಿಕ್ಕರೆ ಪದರ ಪದರವಾಗಿ ನೀರೆತ್ತಿ ಪರೀಕ್ಷಿಸಿ. ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು 48 ಗಂಟೆಯೊಳಗೆ ಲ್ಯಾಬ್‌ನಲ್ಲಿ ಪರೀಕ್ಷೆ ಮುಗಿಯುವಂತೆ ನೋಡಿಕೊಳ್ಳಿ. ಸಲ್ಫೇಟ್, ಕ್ಲೋರೈಡ್, ನೈಟ್ರೈಟ್, ಕಬ್ಬಿಣವನ್ನೂ ಇದರ ಜೊತೆಗೇ ಕೇಳಿ.

ಮೇಲಿನ ಪದರವೇ ಕಳ್ಳ ಎಂದಾದರೆ ಅದನ್ನು ಮುಚ್ಚುವುದೇ ಅಗ್ಗದ ದಾರಿ. ಕೆಟ್ಟ ಪದರದ ಕೆಳಗಿನವರೆಗೆ ಒಳಕೊಳವೆ ಇಳಿಸಿ, ಬುಡದಲ್ಲಿ ಪ್ಯಾಕರ್ ಕೂರಿಸಿ, ಸುತ್ತಲ ಸಂದಿಗೆ ಸಿಮೆಂಟ್ ಗಾರೆ ತುಂಬಬೇಕು. 50 ಕಿಲೋ ಚೀಲಕ್ಕೆ ನೀರು 23 ಲೀಟರಿನ ಆಸುಪಾಸು. ಇನ್ನೂ ತೆಳ್ಳಗೆ ಮಾಡಿದರೆ ಒಣಗುವಾಗ ಕುಗ್ಗಿ ಸಂದು ಬಿಡುತ್ತದೆ. ಸಣ್ಣ ಪೈಪನ್ನು ತಳದವರೆಗೆ ಇಳಿಸಿ ಕೆಳಗಿನಿಂದ ಮೇಲಕ್ಕೆ ತುಂಬಿ. ಮೇಲಿನಿಂದ ಸುರಿದ ಗಾರೆ ನಡುವೆ ಸಿಕ್ಕಿಕೊಂಡು ಪೊಳ್ಳು ಉಳಿಯುತ್ತದೆ. ಪಿವಿಸಿ ಒಳಕೊಳವೆಯಾದರೆ ಒಳಗೆ ನೀರು ತುಂಬಿಡುವುದನ್ನು ಮರೆಯಬೇಡಿ, ಗಾರೆಯ ಭಾರ ಮತ್ತು ಗಟ್ಟಿಯಾಗುವಾಗಿನ ಬಿಸಿ ಸೇರಿ ಕೊಳವೆಯನ್ನು ಅಪ್ಪಚ್ಚಿ ಮಾಡುತ್ತವೆ. ಕೇಸಿಂಗ್ ಸುತ್ತ ಜಲ್ಲಿ ತುಂಬಿದ ಬಾವಿಯಲ್ಲಿ ಬರೀ ಒಳಕೊಳವೆ ಸಾಲದು. ನೀರು ಜಲ್ಲಿಯ ಮೂಲಕವೇ ಕೆಳಗಿಳಿದು ಮತ್ತೆ ಒಳಗೆ ಬರುತ್ತದೆ. ಕೇಸಿಂಗ್‌ಗೆ ತೂತು ಹಾಕಿ ಒತ್ತಡದಲ್ಲಿ ಜಲ್ಲಿಯೊಳಕ್ಕೂ ಗಾರೆ ನುಗ್ಗಿಸಬೇಕು. ಮುಚ್ಚಿದ ಮೇಲೆ ಇಳುವರಿ ಕಡಿಮೆಯಾಗುತ್ತದೆ, ಪಂಪ್ ಬದಲಿಸಬೇಕಾದೀತು.

ಇದಕ್ಕೂ ಬಗ್ಗದಿದ್ದರೆ ಬೆರಕೆ. ಬಾವಿಯಲ್ಲಿ 68, ಇನ್ನೊಂದು ಮೂಲದಲ್ಲಿ 12, ಗುರಿ 36 ಎನ್ನಿ: (36−12) ÷ (68−12) = 0.43. ಬಾವಿಯ ಪಾಲು ನೂರಕ್ಕೆ 43 ಮೀರಬಾರದು. ಎರಡೂ ನೀರು ಸಂಪಿನಲ್ಲಿ ಸೇರಿ ಕಲೆತ ಮೇಲೆಯೇ ಮೊದಲ ಮನೆಗೆ ಹೋಗಬೇಕು, ಮತ್ತು ಒಳ್ಳೆಯ ನೀರಿನ ಪಂಪ್ ನಿಂತರೆ ಬಾವಿಯ ಪಂಪೂ ತಾನಾಗಿ ನಿಲ್ಲುವಂತೆ ವೈರಿಂಗ್ ಇರಬೇಕು. ಈ ಇಂಟರ್‌ಲಾಕ್ ಇಲ್ಲದ ಬೆರಕೆಯನ್ನು ಬೆರಕೆ ಎನ್ನಲಾಗದು.

ಬೆರೆಸಲು ನೀರೇ ಇಲ್ಲದಾಗ ಶುದ್ಧೀಕರಣ. ಕ್ಲೋರಿನ್, ಮರಳು ಸೋಸು, ಇದ್ದಿಲು ಯಾವುದಕ್ಕೂ ನೈಟ್ರೇಟ್ ಜಗ್ಗುವುದಿಲ್ಲ. ಅಯಾನು ವಿನಿಮಯ ರೆಸಿನ್ (ನೈಟ್ರೇಟ್ ಹಿಡಿದು ಬದಲಿಗೆ ಕ್ಲೋರೈಡ್ ಬಿಡುವ ಸಣ್ಣ ಮಣಿಗಳು) ಅಥವಾ ಆರ್‌ಒ ಬೇಕು. ಅದೂ ಪೂರ್ತಿ ನೀರಿಗಲ್ಲ: ಘಟಕದಿಂದ 5 ಬಂದು, ಕಚ್ಚಾ ನೀರು 68 ಇದ್ದು, ಗುರಿ 35 ಆದರೆ, ನೂರಕ್ಕೆ 53 ಪಾಲು ಘಟಕದ ಮೂಲಕ ಹೋದರೆ ಸಾಕು.

ರೆಸಿನ್‌ನ ದೊಡ್ಡ ಅಪಾಯ ಸಲ್ಫೇಟ್. ಸಾಮಾನ್ಯ ರೆಸಿನ್ ನೈಟ್ರೇಟಿಗಿಂತ ಸಲ್ಫೇಟನ್ನೇ ಬಿಗಿಯಾಗಿ ಹಿಡಿಯುತ್ತದೆ. ಉಪ್ಪುನೀರಿನಲ್ಲಿ ತೊಳೆಯುವ ಸರದಿ ತಪ್ಪಿದರೆ, ಒಳಬರುವ ಸಲ್ಫೇಟ್ ಹಿಡಿದಿಟ್ಟ ನೈಟ್ರೇಟನ್ನು ಒದ್ದೋಡಿಸಿ, ಹೊರಹೋಗುವ ನೀರಿನಲ್ಲಿ ಒಳಬಂದದ್ದಕ್ಕಿಂತ ಹೆಚ್ಚು ನೈಟ್ರೇಟ್ ಇರುತ್ತದೆ. ನೈಟ್ರೇಟ್ 62, ಸಲ್ಫೇಟ್ 96 ಇರುವ ನೀರಿಗೆ ಲೆಕ್ಕ ಹಾಕಿ: 62 ÷ 62 = 1, 96 ÷ 48 = 2, ಒಟ್ಟು ಲೀಟರಿಗೆ 3 ಮಿಲಿ ಈಕ್ವಿವಲೆಂಟ್ (ರೆಸಿನ್ ಹಿಡಿಯಬೇಕಾದ ಅಯಾನುಗಳ ಅಳತೆ). ಲೀಟರ್ ರೆಸಿನ್‌ನ ಶಕ್ತಿ ಇದೇ ಅಳತೆಯಲ್ಲಿ 1,300 ಎಂದರೆ, ಕಾಗದದ ಮೇಲೆ 433 ಲೀಟರ್ ನೀರು. 300ಕ್ಕೇ ತೊಳೆಯಲು ಮೀಟರ್ ಹೊಂದಿಸಿ. ತೊಳೆಯಲು ಲೀಟರ್ ರೆಸಿನ್‌ಗೆ 100–160 ಗ್ರಾಂ ಉಪ್ಪು, ನೂರಕ್ಕೆ 10ರ ದ್ರಾವಣವಾಗಿ, ಅರ್ಧ ಗಂಟೆಗೆ ಕಡಿಮೆಯಾಗದಂತೆ ನಿಧಾನವಾಗಿ. ಹಿಡಿದ ಅಯಾನುಗಳ ಬದಲಿಗೆ ಇದೇ ನೀರಿಗೆ ಲೀಟರಿಗೆ ಸುಮಾರು 106 ಮಿ.ಗ್ರಾಂ. ಕ್ಲೋರೈಡ್ ಸೇರುತ್ತದೆ, ಹಳೆಯ ಲೋಹದ ಪೈಪುಗಳಿದ್ದರೆ ಸವೆತ ಗಮನಿಸಿ. ಸಲ್ಫೇಟ್ ಹೆಚ್ಚಿದ್ದಲ್ಲಿ ನೈಟ್ರೇಟನ್ನೇ ಆರಿಸಿ ಹಿಡಿಯುವ ರೆಸಿನ್‌ಗೆ ದುಡ್ಡು ಹಾಕುವುದು ಜಾಣತನ. ಕ್ಲೋರಿನ್ ಯಾವತ್ತೂ ರೆಸಿನ್ ಆದಮೇಲೆ, ಮೊದಲು ಕೊಟ್ಟರೆ ರೆಸಿನ್ ಸುಟ್ಟಂತೆ.

ಜಾಲಕ್ಕೆ ಬಿಡುವ ಮುನ್ನ ಬಾವಿಯ ಸೋಂಕು ತೆಗೆಯಿರಿ. 200 ಮಿ.ಮೀ. ಕೊಳವೆಯಲ್ಲಿ 100 ಮೀಟರ್ ನೀರು ನಿಂತಿದ್ದರೆ ಅದು 3,140 ಲೀಟರ್. ಲೀಟರಿಗೆ 50 ಮಿ.ಗ್ರಾಂ. ಕ್ಲೋರಿನ್‌ಗೆ 33% ಬ್ಲೀಚಿಂಗ್ ಪುಡಿ ಸುಮಾರು 480 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ತಿಳಿ ಮಾತ್ರ ಸುರಿದು, ಗಷ್ಟನ್ನು ಬಿಡಿ. 12ರಿಂದ 24 ಗಂಟೆ ನಿಲ್ಲಿಸಿ, ಕ್ಲೋರಿನ್ ವಾಸನೆ ಹೋಗುವವರೆಗೆ ಹೊರಗೆ ಹರಿಸಿ. ಈ ನೀರು ಘಟಕದ ಕಡೆ ಹೋಗದಂತೆ ವಾಲ್ವ್ ಮುಚ್ಚಿರಲಿ. ಒಂದು ದಿನದ ಅಂತರದಲ್ಲಿ ತೆಗೆದ ಎರಡು ಮಾದರಿಗಳಲ್ಲೂ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇರಕೂಡದು.

ಈ ನಡುವೆ ಜನರಿಗೆ ಕೊಡುವ ಸೂಚನೆಯಲ್ಲಿ ‘ಕುದಿಸಿ ಕುಡಿಯಿರಿ’ ಎಂದು ಅಭ್ಯಾಸಬಲದಿಂದ ಬರೆದುಬಿಡಬೇಡಿ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ, ಆರು ತಿಂಗಳೊಳಗಿನ ಕೂಸಿಗೆ ಬಾಟಲಿ ಹಾಲು ಕಲಸುವುದು ಅದೇ ನೀರಿನಲ್ಲಿ.

ಚಾಲೂ ಆದ ಮೊದಲ ತಿಂಗಳು ದಿನವೂ, ಆಮೇಲೆ ವಾರಕ್ಕೊಮ್ಮೆ ಅಳೆಯಿರಿ. ಮಳೆ ಬಿದ್ದ ಮೇಲಿನ ವಾರಗಳಲ್ಲಿ ಮತ್ತೆ ದಿನವೂ. ಮಿತಿಯ ನೂರಕ್ಕೆ 80 ತಲುಪಿದರೆ ಎಚ್ಚರಿಕೆ ಗಂಟೆ, ಮಿತಿಗೆ ಬರುವ ಮೊದಲೇ ಪಂಪ್ ಬಂದ್. ರೆಸಿನ್ ತೊಳೆದ ಉಪ್ಪುನೀರನ್ನಾಗಲಿ ಆರ್‌ಒ ಕೊಳಕು ನೀರನ್ನಾಗಲಿ ಬಾವಿ ಪಕ್ಕದ ಇಂಗುಗುಂಡಿಗೆ ಬಿಡಬೇಡಿ, ಅದೇ ನೈಟ್ರೇಟ್ ಉಪ್ಪಿನ ಸಮೇತ ಅದೇ ಬಾವಿಗೆ ವಾಪಸು ಬರುತ್ತದೆ.