ಮೂಗಿನ ಟ್ಯೂಬಿಗೆ ಮನೆ ಗಂಜಿ: ನನ್ನ ಅನುಭವ

ಮುಖ ಅಲುಗದಂತೆ ಹಾಕುವ ಒಂದೇ ಮಾಸ್ಕ್‌ನಲ್ಲಿ ನನ್ನ ಗಂಡನ 30 ಕರೆಂಟೂ (ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್) ಮುಗಿಯಿತು. ಬಾಯಿಗೆ, ಕುತ್ತಿಗೆಗೆ ಕರೆಂಟ್ ಕೊಡಿಸಿದ ಮನೆಯವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ತೂಕ ಇಳಿದರೆ ಮುಖದ ಮಾಸ್ಕ್ ಸಡಿಲ ಆಗುತ್ತದೆ. ಮತ್ತೆ ಸ್ಕ್ಯಾನ್, ಮತ್ತೆ ಹೊಸ ಮಾಸ್ಕ್, ನಡುವೆ ಒಂದಷ್ಟು ದಿನ ಕರೆಂಟ್ ಬಂದ್. ನಮ್ಮ ಜೊತೆ ಬೆಂಚಿನಲ್ಲಿ ಕೂರುತ್ತಿದ್ದವರಲ್ಲಿ ಎಂಟು ಹತ್ತು ಕಿಲೋ ಇಳಿದವರಿದ್ದರು. ಇವರು ಇಳಿದದ್ದು ಹೆಚ್ಚೆಂದರೆ ಎರಡು ಕಿಲೋ. ತೂಕ ನಿಂತದ್ದು ಡಬ್ಬಿಯಲ್ಲಿ ಬರುವ ಪೌಷ್ಟಿಕ ಪುಡಿಯಿಂದಲ್ಲ, ಮೂಗಿನಿಂದ ಹೊಟ್ಟೆಗೆ ಹೋಗುವ ಟ್ಯೂಬಿನಲ್ಲಿ ನಾನು ಬೇಯಿಸಿ ಹಾಕಿದ ಗಂಜಿಯಿಂದ. ಟ್ಯೂಬಿಗೆ ಮನೆ ಅಡುಗೆ ಆಗಲಿಕ್ಕಿಲ್ಲ ಅಂದವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಹತ್ತಿರದ ಮಲ್ಪೆ. ಇವರು ಬಂದರಿನಿಂದ ಮೀನು ಸಾಗಿಸುವ ಟೆಂಪೋ ಓಡಿಸುತ್ತಿದ್ದರು. ರಾತ್ರಿ ಡ್ರೈವಿಂಗ್, ನಿದ್ದೆ ಬಾರದಿರಲಿ ಅಂತ ಕೆನ್ನೆಯಲ್ಲಿ ಯಾವಾಗಲೂ ಎಲೆ ಅಡಿಕೆ, ಹೊಗೆಸೊಪ್ಪು. ಅದೇ ಕೆನ್ನೆಯಲ್ಲಿ ಮಾಯದ ಹುಣ್ಣು, ಕ್ಯಾನ್ಸರ್. ಆಪರೇಷನ್‌ನಲ್ಲಿ ಕೆನ್ನೆಯ ಒಳಭಾಗ, ದವಡೆಯ ಒಂದು ತುಂಡು, ಕುತ್ತಿಗೆಯ ಗಂಟುಗಳನ್ನು ತೆಗೆದರು. ಆಮೇಲೆ ಆರು ವಾರ ಕರೆಂಟ್, ಜೊತೆಗೆ ವಾರಕ್ಕೊಂದು ಕೀಮೋ. ಬಾಯಿಂದ ಉಣ್ಣಲು ಆಗದೆ ಊಟವೆಲ್ಲ ಮೂಗಿನ ಟ್ಯೂಬಿನಲ್ಲೇ.

ಇವರಿಗೆ ವಿಪರೀತ ಹೆದರಿಕೆ ಇತ್ತು. ರಾತ್ರಿ ಎದ್ದು ಮೊಬೈಲ್ ಟಾರ್ಚ್ ಹಾಕಿ ಕನ್ನಡಿಯಲ್ಲಿ ಬಾಯಿ ನೋಡಿಕೊಳ್ಳುತ್ತಿದ್ದರು. ಮಾತು ಬರುತ್ತಿರಲಿಲ್ಲ. ಒಂದು ದಿನ ಮೊಬೈಲ್‌ನಲ್ಲಿ ಟೈಪ್ ಮಾಡಿ ತೋರಿಸಿದರು: "ಈ ಪುಡಿ ನೀರು ಕುಡಿದು ಬದುಕುವುದು ಎಂತಕ್ಕೆ?" ಸಮಾಧಾನದ ಮಾತು ನನಗೆ ಅಷ್ಟು ಬರುವುದಿಲ್ಲ. ಆದರೆ ನಾನು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕುವವಳಿಗೆ ಒಬ್ಬ ಗಂಡನಿಗೆ ಊಟ ಹಾಕಲಿಕ್ಕೆ ಆಗುವುದಿಲ್ವಾ ಅಂತ ಹಟ ಬಂತು.

ಮೊದಲು ದುಡ್ಡಿನ ಕಥೆ. ಆಪರೇಷನ್, ಕರೆಂಟ್, ಕೀಮೋ ಎಲ್ಲ ಬಿಪಿಎಲ್ ಕಾರ್ಡಿನ ಮೇಲೆ ಆಯುಷ್ಮಾನ್‌ನಲ್ಲಿ ಆಯಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಜಿಲ್ಲಾಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ. ನಾವು ಮಾಡಿಸುವ ಮೊದಲೇ ಹೊರಗಿನ ಸ್ಕ್ಯಾನ್‌ಗೆ, ಬಯಾಪ್ಸಿಗೆ ಸುಮಾರು ಹದಿನೆಂಟು ಸಾವಿರ ಕೈಯಿಂದ ಹೋಗಿತ್ತು. ಉಳಿದದ್ದೆಲ್ಲ ಚಿಲ್ಲರೆ ಖರ್ಚು, ಆದರೆ ನಿಲ್ಲದ ಖರ್ಚು. ಹೆಂಗಸರಿಗೆ ಬಸ್ ಫ್ರೀ ಅಂತಾರೆ, ಅದು ಸರ್ಕಾರಿ ಬಸ್ಸಿಗೆ. ಮಲ್ಪೆಯಿಂದ ಮಣಿಪಾಲದ ಆಸ್ಪತ್ರೆಗೆ ನಮಗೆ ಸಿಗುವುದು ಹೆಚ್ಚಾಗಿ ಪ್ರೈವೇಟ್ ಸಿಟಿ ಬಸ್. ಕೀಮೋ ದಿನ ವಾಪಸ್ ಬರುವಾಗ ಆಟೋನೇ ಬೇಕು.

ಎಲ್ಲಕ್ಕಿಂತ ಜಾಸ್ತಿ ಹೊಡೆದದ್ದು ಡಬ್ಬಿ. 400 ಗ್ರಾಂ ಡಬ್ಬಿಗೆ ಆಗ ಎಂಟುನೂರರ ಹತ್ತಿರ. ದೊಡ್ಡ ಮನುಷ್ಯನನ್ನು ಪೂರ್ತಿ ಪುಡಿಯಲ್ಲೇ ಸಾಕುವುದಾದರೆ ದಿನಕ್ಕೆ ಒಂದು ಡಬ್ಬಿ ಖಾಲಿ. ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ! ನಮ್ಮಂಥವರು ಎಂತ ಮಾಡುತ್ತಾರೆ ಅಂದರೆ, ಎರಡು ಚಮಚ ಕಡಿಮೆ ಹಾಕಿ ನೀರು ಜಾಸ್ತಿ ಮಾಡುತ್ತಾರೆ. ತೂಕ ಇಳಿಯುವುದೇ ಅಲ್ಲಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಾನು ಮನೆ ಊಟ ಅಂದಾಗ ಎಲ್ಲರೂ ಬೇಡ ಅಂದರು. ನಾದಿನಿ, "ಅತ್ತಿಗೆ, ಟ್ಯೂಬ್ ಕಟ್ಟಿಕೊಂಡರೆ ಮತ್ತೆ ಮೂಗಿಗೆ ಹಾಕಿಸಬೇಕು, ಅಣ್ಣನಿಗೆ ಆ ಹಿಂಸೆ ಬೇಡ ಮಾರಾಯ್ತಿ" ಅಂತ ಅತ್ತಳು. ಡಯಟಿಷಿಯನ್ ಮೇಡಂಗೂ ಧೈರ್ಯ ಇರಲಿಲ್ಲ. ಮನೆ ಊಟ ಬೇಗ ಕೆಡುತ್ತದೆ, ಕಟ್ಟಿಕೊಳ್ಳುತ್ತದೆ ಅನ್ನುವುದು ಅವರ ಮಾತು. ಸುಳ್ಳೇನಲ್ಲ. ಕಡೆಗೆ ದಿನಕ್ಕೆ ಎಷ್ಟು ಕ್ಯಾಲರಿ, ಎಷ್ಟು ಪ್ರೋಟೀನ್ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಪ್ರತಿ ಸೋಮವಾರ ತೂಕ ತೋರಿಸಬೇಕು, ಇಳಿದರೆ ವಾಪಸ್ ಡಬ್ಬಿಗೆ, ಅಂತ ಷರತ್ತು. ನಾನು ಒಪ್ಪಿದೆ.

ಮೊದಲ ವಾರ ಯಾವುದೂ ಸರಿ ಬರಲಿಲ್ಲ. ಕುಚ್ಚಲಕ್ಕಿ ಗಂಜಿ ಎಷ್ಟು ರುಬ್ಬಿದರೂ ತೌಡಿನ ತರಿ ಉಳಿಯುತ್ತದೆ. ಬಾಳೆಹಣ್ಣು ಹಾಲು ನೋಡಲಿಕ್ಕೆ ನುಣ್ಣಗೆ, ಟ್ಯೂಬಿನಲ್ಲಿ ನಾರು ಕೂತು ಪೂರ್ತಿ ಬ್ಲಾಕ್. ಆ ದಿನ ಟ್ಯೂಬ್ ಬದಲಾಯಿಸಬೇಕಾಯಿತು, ನಾದಿನಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ತುಪ್ಪ ಹಾಕಿದರೆ ಟ್ಯೂಬಿನ ಒಳಗೆ ಅಂಟಿಕೊಳ್ಳುತ್ತದೆ. ತೆಂಗಿನೆಣ್ಣೆ ಅಂಟುವುದಿಲ್ಲ, ನಮ್ಮ ಸೆಕೆಗೆ ಅದು ಯಾವಾಗಲೂ ನೀರೇ. ಹುರುಳಿ ಸಾರು ಬೇಡವೇ ಬೇಡ.

ಉಳಿದದ್ದು ಬೆಳ್ತಿಗೆ (ಬಿಳಿ) ಅಕ್ಕಿ, ಹೆಸರುಬೇಳೆ. ಕುಕ್ಕರಿನಲ್ಲಿ ಕರಗುವಷ್ಟು ಬೇಯಿಸಿ, ಮಿಕ್ಸಿಗೆ ಹಾಕಿ, ಮೊದಲು ಚಾ ಸೋಸುವ ಜಾಲರಿಯಲ್ಲಿ, ಆಮೇಲೆ ಹಳೇ ಪಂಚೆಯ ಬಟ್ಟೆಯಲ್ಲಿ. ಆದರೆ ಇನ್ನೊಂದು ತೊಂದರೆ ಉಂಟು. ತೆಳು ಮಾಡಿದರೆ ಹೊಟ್ಟೆಗೆ ಹೋಗುವುದು ಬರೀ ನೀರು. ದಪ್ಪ ಮಾಡಿದರೆ ಸಿರಿಂಜ್‌ನಿಂದ ಇಳಿಯುವುದಿಲ್ಲ. ಒತ್ತಿ ತಳ್ಳಿದರೆ ವಾಂತಿ.

ಇದಕ್ಕೆ ದಾರಿ ತೋರಿಸಿದ್ದು ಅಂಗನವಾಡಿಯ ಒಬ್ಬರು ಟೀಚರ್. ಸಣ್ಣ ಮಕ್ಕಳ ಗಂಜಿಗೆ ಹಾಕುವ ಮೊಳಕೆ ರಾಗಿ ಹಿಟ್ಟನ್ನು ಇದಕ್ಕೂ ಚಿಟಿಕೆ ಹಾಕಿ ನೋಡಿ ಅಂದರು. ಮೊಳಕೆ ಬರಿಸಿ, ಒಣಗಿಸಿ, ಹುರಿಯದೆ ಪುಡಿ ಮಾಡಬೇಕು. ಚಮಚ ನಿಲ್ಲುವಷ್ಟು ದಪ್ಪ ಗಂಜಿಗೆ ಇದನ್ನು ಹಾಕಿ ತಿರುವಿದೆ. ನೋಡುತ್ತಿದ್ದಂತೆ ಗಂಜಿ ಸಡಿಲವಾಗಿ ಹಾಲಿನ ಹದಕ್ಕೆ ಬಂತು. ಒಂದು ತೊಟ್ಟು ನೀರು ಸೇರಿಸಿರಲಿಲ್ಲ! ಅಷ್ಟೇ ಸಿರಿಂಜ್‌ನಲ್ಲಿ ಹತ್ತಿರ ಹತ್ತಿರ ಎರಡರಷ್ಟು ಅಕ್ಕಿ, ಬೇಳೆ ಒಳಗೆ ಹೋಗತೊಡಗಿತು. ಗಂಜಿ ಕುದಿಯುತ್ತಿರುವಾಗ ಹಾಕಿದರೆ ಕೆಲಸ ಮಾಡುವುದಿಲ್ಲ, ತಣ್ಣಗಾದ ಮೇಲೂ ಇಲ್ಲ. ತೆಳುವಾದ ಮೇಲೆ ಮತ್ತೊಮ್ಮೆ ಕುದಿಸಲೇಬೇಕು, ಹಿಟ್ಟು ಹಸಿ ಅಲ್ವಾ. ಯಾವ ಬಿಸಿಗೆ ಹಾಕಬೇಕು, ಎಷ್ಟು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಒಲೆಯ ಮುಂದೆ ನಿಂತೇ ಕಲಿಯಬೇಕು. ಓದಿ ಮಾಡಿದವರ ಟ್ಯೂಬ್ ಕಟ್ಟಿಕೊಳ್ಳುವುದು ನನಗೆ ಬೇಡ.

ಮೊಟ್ಟೆ ಹಸಿ ಹಾಕಬೇಡಿ, ಕೀಮೋ ಇರುವಾಗ ಅಪಾಯ. ಇಡೀ ಮೊಟ್ಟೆ ಬೇಯಿಸಿ ರುಬ್ಬಿದರೆ ತರಿ. ಕಲಸಿದ ಮೊಟ್ಟೆಯನ್ನು ಕುದಿಯುವ ಗಂಜಿಗೆ ದಾರದ ಹಾಗೆ ಬಿಟ್ಟು, ಚೆನ್ನಾಗಿ ಬೆಂದ ಮೇಲೆ ರುಬ್ಬಿದರೆ ಗೊತ್ತೇ ಆಗುವುದಿಲ್ಲ. ಒಂದು ಸಲಕ್ಕೆ ಇನ್ನೂರು ಎಂಎಲ್, ಎರಡೆರಡು ಗಂಟೆಗೆ. ಸಿರಿಂಜ್‌ನ ಒತ್ತುವ ಕಡ್ಡಿ ತೆಗೆದು, ಕೊಳವೆ ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡುತ್ತಿದ್ದೆ. ಗಂಜಿಗೆ ಮೊದಲೂ ಆಮೇಲೂ ಟ್ಯೂಬಿಗೆ ಬೆಚ್ಚಗಿನ ನೀರು. ಟ್ಯೂಬ್ ಜಾರಿಲ್ಲ ಅಂತ ತಿಳಿಯಲು ಮೂಗಿನ ಹತ್ತಿರದ ಪೆನ್ ಗುರುತು ಪ್ರತಿ ಸಲ ನೋಡಲೇಬೇಕು. ಕೆಮ್ಮು ಬಂದರೆ ಅಲ್ಲೇ ನಿಲ್ಲಿಸುವುದು. ಬೆಳಿಗ್ಗೆಯ ಗಂಜಿ ಮಧ್ಯಾಹ್ನಕ್ಕೆ ಇಟ್ಟವಳಲ್ಲ. ದಿನದ ಖರ್ಚು ನೂರು, ನೂರಿಪ್ಪತ್ತು. ಒಂದು ಡಬ್ಬಿ ಮಾತ್ರ ಮನೆಯಲ್ಲಿ ಇಟ್ಟಿದ್ದೆ, ಮನೆಯ ವಿದ್ಯುತ್ ಕೈಕೊಟ್ಟು ಮಿಕ್ಸಿ ನಿಂತ ದಿನಕ್ಕೆ.

ಇನ್ನು ಇವರ ಹೆದರಿಕೆ. ಟ್ಯೂಬಿಗೆ ಹಾಕುವ ಮೊದಲು ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು ಇವತ್ತು ಇಂಥದ್ದು ಅಂತ ಹೇಳುತ್ತಿದ್ದೆ. ಬಟ್ಟಲು ನೋಡಿಯೇ ಆಸ್ಪತ್ರೆಯ ನೆನಪಾಗಬಾರದು ಅಂತ ಅವರ ಊಟದ ಬಟ್ಟಲನ್ನೇ ಬಳಸಿದೆ. ಮಕ್ಕಳು ಉಣ್ಣುವ ಹೊತ್ತಿಗೇ ಇವರಿಗೂ. ಒಂದು ರಾತ್ರಿ ಟ್ಯೂಬ್ ಕಿತ್ತುಹಾಕಲು ಕೈ ಹಾಕಿದ್ದರು. ಕೈ ಹಿಡಿದುಕೊಂಡು, "ನಾಳೆ ಮೀನು ಹಾಕ್ತೇನೆ, ಇದೊಂದು ರಾತ್ರಿ ಇರ್ಲಿ" ಅಂದೆ. ಕೈ ಕೆಳಗೆ ಬಂತು.

ಮಾತು ಕೊಟ್ಟ ಮೇಲೆ ಮಾಡಲೇಬೇಕಲ್ಲ. ಆಗ ಜೂನ್, ಬೋಟುಗಳಿಗೆಲ್ಲ ಮಳೆಗಾಲದ ರಜೆ. ನಾಡದೋಣಿಯವರ ಹತ್ತಿರ ಸಿಕ್ಕಿದ್ದಕ್ಕೆ ಬಂಗಾರದ ರೇಟು. ಮೊದಲು ಬಂಗುಡೆ ಮಾಡಿ ನೋಡಿದೆ. ತೇಗಿನಲ್ಲೆಲ್ಲ ಅದರ ವಾಸನೆ ಬಂದು ಇವರೇ ಬೇಡ ಅಂದರು. ಕಾಣೆ ಮೀನು ಚೆನ್ನಾಗಿ ಒಗ್ಗಿತು. ಖಾರ ಹುಳಿ ಇಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ, ರುಬ್ಬಿ, ಎರಡು ಸಲ ಸೋಸಿ. ಅವತ್ತು ಇವರು ಮೊಬೈಲ್‌ನಲ್ಲಿ ಟೈಪ್ ಮಾಡಿದ್ದು, "ಉಪ್ಪು ಹಾಕಿದ್ದೀಯಾ?"

ಬೇರೆ ಪ್ರಯೋಗಗಳೂ ನಡೆದವು. ಪುನರ್ಪುಳಿ (ಕೋಕಂ) ನೀರಲ್ಲಿ ಬಾಯಿ ಮುಕ್ಕಳಿಸಿದರೆ ಹುಣ್ಣು ಉರಿ. ಉಪ್ಪು, ಅಡುಗೆ ಸೋಡಾ ಹಾಕಿದ ನೀರೇ ಸರಿ. ಅತ್ತೆ ಕುತ್ತಿಗೆಗೆ ಎಣ್ಣೆ ಹಚ್ಚಲು ಬಂದರು, ಕರೆಂಟಿಗೆ ಮುಂಚೆ ಏನೂ ಹಚ್ಚಬಾರದು ಅಂತ ನಾನೇ ತಡೆದೆ. ಟ್ಯೂಬ್ ಇದ್ದರೂ ದಿನಾ ನಾಲ್ಕು ಗುಟುಕು ನೀರು ನುಂಗಿಸುತ್ತಿದ್ದೆ. ನುಂಗುವುದನ್ನು ನಿಲ್ಲಿಸಿದರೆ ಗಂಟಲು ಮರೆತುಬಿಡುತ್ತದೆ ಅಂತ ಸ್ಪೀಚ್ ಥೆರಪಿಯವರು ಹೇಳಿದ್ದರು. ಬಾಯಿ ತೆರೆಯುವ ವ್ಯಾಯಾಮಕ್ಕೆ ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡುವುದು. ಎಂಟು ಕಡ್ಡಿಯಿಂದ ಶುರುವಾಗಿ ಈಗ ಹದಿನಾರರ ಹತ್ತಿರ ಬಂದಿದ್ದೇವೆ.

ಕರೆಂಟ್ ಮುಗಿದು ಸುಮಾರು ಒಂದೂವರೆ ತಿಂಗಳಿಗೆ ಟ್ಯೂಬ್ ತೆಗೆದರು. ಈಗ ಮೆತ್ತಗಿನ ಅನ್ನ, ನೆನೆಸಿದ ನೀರುದೋಸೆ ನಡೆಯುತ್ತದೆ. ಚೆಕಪ್ ತಪ್ಪಿಸುವುದಿಲ್ಲ, ಥೈರಾಯ್ಡ್ ಟೆಸ್ಟ್ ಕೂಡ ನೆನಪಿಟ್ಟು ಕೇಳುತ್ತೇನೆ, ಕುತ್ತಿಗೆಗೆ ಕರೆಂಟ್ ಆದವರಿಗೆ ಅದು ಬೇಕು. ಡಯಟಿಷಿಯನ್ ಮೇಡಂ ಈಗ ಬೇರೆ ಮನೆಯವರನ್ನೂ ನನ್ನ ಹತ್ತಿರ ಕಳಿಸುತ್ತಿದ್ದಾರೆ. ಮೊಳಕೆ ಹಿಟ್ಟಿನ ಹದ ಕಲಿಯಬೇಕಾದವರು ನಿಮ್ಮ ಆಸ್ಪತ್ರೆಯ ಕ್ಯಾಲರಿ ಚೀಟಿ ಹಿಡಿದುಕೊಂಡು ಬನ್ನಿ. ಶಾಲೆ ಮುಗಿಸಿ ಸಂಜೆ ನಾಲ್ಕರ ಮೇಲೆ ಮನೆಯಲ್ಲೇ ಇರುತ್ತೇನೆ.